ಪ್ರೊಸೆಸರ್ ಕೂಲರ್

ಪ್ರೊಸೆಸರ್ ಕೂಲರ್ ಎಂಬುದು ಗಣಕಯಂತ್ರದ ಪ್ರೊಸೆಸರ್ ಕೆಲಸ ಮಾಡುವಾಗ ಉಂಟಾಗುವ ಶಾಖವನ್ನು ಹೀರಿಕೊಂಡು ಸುತ್ತಲಿನ ಗಾಳಿಗೆ ಬಿಟ್ಟುಕೊಡುವ ಸಾಧನ. ಲೋಹದ ತಳ, ತೆಳುವಾದ ಲೋಹದ ರೆಕ್ಕೆಗಳು ಮತ್ತು ಒಂದು ಫ್ಯಾನ್ ಇದರ ಮುಖ್ಯ ಅಂಗಗಳು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಗಣಕಯಂತ್ರಗಳಲ್ಲಿ ತಯಾರಕರೇ ಇದನ್ನು ಅಳವಡಿಸಿರುತ್ತಾರೆ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಗಣಕಯಂತ್ರ ಜೋಡಿಸುವವರು ಇದನ್ನು ತಾವೇ ಆರಿಸಿ ಕೂರಿಸಬೇಕಾಗುತ್ತದೆ. ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ತೋರುವ ಆಸ್ಥೆಯನ್ನು ಕೂಲರಿಗೆ ತೋರುವುದಿಲ್ಲ. ಇಲ್ಲವೇ ಅಗತ್ಯಕ್ಕೆ ಮೀರಿ ಹಣ ಸುರಿಯುತ್ತಾರೆ. ಪ್ರೊಸೆಸರ್ ನಿಜವಾಗಿ ಎಷ್ಟು ವಾಟ್ ವಿದ್ಯುತ್ತನ್ನು ಬಳಸುತ್ತದೆ, ಯಂತ್ರ ಇರುವ ಕೋಣೆ ಎಷ್ಟು ಬಿಸಿಯಾಗಿರುತ್ತದೆ, ಕ್ಯಾಬಿನೆಟ್ಟಿನಲ್ಲಿ ಎಷ್ಟು ಜಾಗವಿದೆ ಎಂಬ ಮೂರು ಸಂಗತಿಗಳು ತಿಳಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿ ಆಗುತ್ತದೆ.

ಅಗತ್ಯ

ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ಹಳೆಯ ಕಾಲದ 60 ವಾಟ್ ವಿದ್ಯುದ್ದೀಪವನ್ನು ಉರಿಯುತ್ತಿರುವಾಗ ಮುಟ್ಟಲಾಗುತ್ತಿರಲಿಲ್ಲ. ಆದರೂ ಅದರ ಶಾಖ ಇಡೀ ಗಾಜಿನ ಬುರುಡೆಯ ಮೇಲೆ ಹರಡಿಕೊಂಡಿರುತ್ತಿತ್ತು. ಇಂದಿನ ಸಾಧಾರಣ ಪ್ರೊಸೆಸರ್ ಅದಕ್ಕಿಂತ ಹೆಚ್ಚು ಶಾಖವನ್ನು ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ತುಣುಕಿನಿಂದ ಹೊರಹಾಕುತ್ತದೆ. ಎಎಮ್‌ಡಿ ಕಂಪನಿಯ ರೈಝೆನ್ 5 5600 ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ತುಣುಕಿನ ವಿಸ್ತೀರ್ಣ ಸುಮಾರು 80 ಚದರ ಮಿಲಿಮೀಟರ್ ಮಾತ್ರ. ಶಾಖ ಅಲ್ಲಿಯೇ ನಿಂತರೆ ಕೆಲವೇ ಕ್ಷಣಗಳಲ್ಲಿ ತಾಪಮಾನ ಮಿತಿ ಮೀರುತ್ತದೆ.

ಹಾಗೆಂದು ಇಂದಿನ ಪ್ರೊಸೆಸರುಗಳು ಸುಲಭವಾಗಿ ಸುಟ್ಟುಹೋಗುವುದಿಲ್ಲ. ಗರಿಷ್ಠ ತಾಪಮಾನವನ್ನು ಮುಟ್ಟಿದೊಡನೆ ಅವು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದೂ ಸಾಲದಿದ್ದರೆ ಯಂತ್ರ ಆರಿಹೋಗುತ್ತದೆ. ಈ ಗರಿಷ್ಠ ಮಿತಿ ಇಂಟೆಲ್ ಕೋರ್ ಐ5-12400ರಲ್ಲಿ 100 ಡಿಗ್ರಿ ಸೆಲ್ಸಿಯಸ್, ರೈಝೆನ್ 5 5600ರಲ್ಲಿ 90 ಡಿಗ್ರಿ, ರೈಝೆನ್ 7 7800ಎಕ್ಸ್3ಡಿಯಲ್ಲಿ 89 ಡಿಗ್ರಿ. ಆದ್ದರಿಂದ ಕೂಲರ್ ಸಾಲದೆ ಬಂದಾಗ ಆಗುವ ನಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಯಂತ್ರ ನಡೆಯುತ್ತಲೇ ಇರುತ್ತದೆ, ಆದರೆ ಕೊಟ್ಟ ಹಣಕ್ಕೆ ತಕ್ಕ ವೇಗವನ್ನು ಕೊಡುವುದಿಲ್ಲ. ದುಬಾರಿ ಪ್ರೊಸೆಸರ್ ಕೊಂಡ ವಿದ್ಯಾರ್ಥಿ ತನಗರಿವಿಲ್ಲದೆಯೇ ಅಗ್ಗದ ಪ್ರೊಸೆಸರಿನ ಕೆಲಸವನ್ನು ಪಡೆಯುತ್ತಿರುತ್ತಾನೆ.

ಇತಿಹಾಸ

1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರಿಗೆ ಯಾವ ಕೂಲರೂ ಬೇಕಾಗಿರಲಿಲ್ಲ. 486 ಸರಣಿಯ ವೇಗದ ಮಾದರಿಗಳ ಮೇಲೆ ಅಲ್ಯೂಮಿನಿಯಮ್ ಹೀಟ್‌ಸಿಂಕ್ ಕಾಣಿಸಿಕೊಂಡಿತು. 1993ರ ಮೊದಲ ಪೆಂಟಿಯಮ್ ಗರಿಷ್ಠ 16 ವಾಟ್ ಶಾಖ ಹೊರಸೂಸುತ್ತಿತ್ತು. ಇಂದು ಅಲ್ಪವೆನಿಸುವ ಈ ಪ್ರಮಾಣ ಅಂದು ದೊಡ್ಡ ಸುದ್ದಿಯಾಗಿತ್ತು. ಮನೆಬಳಕೆಯ ಗಣಕಯಂತ್ರದಲ್ಲಿ ಪ್ರೊಸೆಸರಿಗೆಂದೇ ಪ್ರತ್ಯೇಕ ಫ್ಯಾನ್ ಇರುವುದು ಆಗಿನಿಂದ ರೂಢಿಯಾಯಿತು.

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ನಡೆಸಿದ ಪ್ರಯೋಗವೊಂದು ಈ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನಡೆಯುತ್ತಿರುವ ಗಣಕಯಂತ್ರದಿಂದ ಹೀಟ್‌ಸಿಂಕನ್ನು ಕಿತ್ತು ತೆಗೆದಾಗ ಪೆಂಟಿಯಮ್ 4 ಪ್ರೊಸೆಸರ್ ವೇಗ ತಗ್ಗಿಸಿಕೊಂಡು ಬದುಕಿತು. ಆ ಕಾಲದ ಅಥ್ಲಾನ್ ಪ್ರೊಸೆಸರ್ ಹೊಗೆಯೆದ್ದು ಹಾಳಾಯಿತು. ಈಗ ಎಲ್ಲ ತಯಾರಕರ ಪ್ರೊಸೆಸರುಗಳಲ್ಲೂ ತಾಪರಕ್ಷಣೆ ಚಿಪ್ಪಿನೊಳಗೇ ಅಡಕವಾಗಿದೆ. 2004ರ ಪ್ರೆಸ್ಕಾಟ್ ಪೆಂಟಿಯಮ್ 4ರ ವೇಗದ ಮಾದರಿಗಳು 100 ವಾಟ್ ಗಡಿಯನ್ನು ದಾಟಿದವು. ಅದೇ ವರ್ಷ ಆಪಲ್ ಕಂಪನಿ ತನ್ನ ಪವರ್ ಮ್ಯಾಕ್ ಜಿ5ರ ಒಂದು ಮಾದರಿಯಲ್ಲಿ ದ್ರವ ತಂಪುಗೊಳಿಕೆಯನ್ನು ಅಳವಡಿಸಿತು.

ಕಾರ್ಯವಿಧಾನ

ಶಾಖದ ಪ್ರಯಾಣ ಪ್ರೊಸೆಸರಿನ ಲೋಹದ ಮುಚ್ಚಳದಿಂದ ಮೊದಲಾಗುತ್ತದೆ. ಮುಚ್ಚಳ ಮತ್ತು ಕೂಲರಿನ ತಳ ಎರಡೂ ನುಣುಪಾಗಿ ಕಂಡರೂ ಅವುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಆ ಸಂದುಗಳಲ್ಲಿ ಸೇರಿಕೊಂಡ ಗಾಳಿ ಶಾಖಕ್ಕೆ ದೊಡ್ಡ ಅಡ್ಡಿ. ತಾಮ್ರದ ಉಷ್ಣವಾಹಕತೆ ಸುಮಾರು 400 ಮಾನ, ಅಲ್ಯೂಮಿನಿಯಮ್ಮಿನದು ಸುಮಾರು 235. ಗಾಳಿಯದು ಕೇವಲ 0.026. ಗಾಳಿಯನ್ನು ಹೊರದೂಡಿ ಸಂದು ತುಂಬುವ ಥರ್ಮಲ್ ಪೇಸ್ಟಿನ ಉಷ್ಣವಾಹಕತೆ ಸಾಮಾನ್ಯವಾಗಿ 5ರಿಂದ 12ರವರೆಗೆ ಇರುತ್ತದೆ. ಅಂದರೆ ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ಮೇಲು, ಲೋಹಕ್ಕಿಂತ ಬಹಳ ಕೀಳು. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದೆಂಬ ತಿಳಿವಳಿಕೆ ತಪ್ಪು ಎಂಬುದು ಈ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ.

ತಳದಿಂದ ರೆಕ್ಕೆಗಳಿಗೆ ಶಾಖವನ್ನು ಒಯ್ಯುವುದು ಹೀಟ್ ಪೈಪ್‌ಗಳ ಕೆಲಸ. ಇವು ಗಟ್ಟಿ ತಾಮ್ರದ ಸರಳುಗಳಲ್ಲ, ಟೊಳ್ಳಾದ ಮುಚ್ಚಿದ ಕೊಳವೆಗಳು. ಒಳಗೆ ಗಾಳಿಯನ್ನು ತೆಗೆದು ಸ್ವಲ್ಪವೇ ನೀರನ್ನು ತುಂಬಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ನೀರು 100 ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ ಅಲ್ಲಿ ಶಾಖವನ್ನು ಬಿಟ್ಟು ಹನಿಯಾಗುತ್ತದೆ. ಒಳಗೋಡೆಗೆ ಲೇಪಿಸಿದ ರಂಧ್ರಮಯ ತಾಮ್ರದ ಪದರ ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಆ ಹನಿಗಳನ್ನು ಮತ್ತೆ ಬಿಸಿ ತುದಿಗೆ ಎಳೆದು ತರುತ್ತದೆ. ಅಡಿಗೆಮನೆಯಲ್ಲಿ ಕುದಿಯುವ ಪಾತ್ರೆಯ ಮುಚ್ಚಳದಡಿ ಹನಿಗಟ್ಟುವುದನ್ನು ನೋಡಿದವರಿಗೆ ಈ ತತ್ತ್ವ ಹೊಸದೇನಲ್ಲ. ಜನರಲ್ ಮೋಟರ್ಸ್‌ನ ರಿಚರ್ಡ್ ಗಾಗ್ಲರ್ 1940ರ ದಶಕದಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಸ್ವತಂತ್ರವಾಗಿ ಕಂಡುಹಿಡಿದು ಅದಕ್ಕೆ ಇಂದಿನ ಹೆಸರನ್ನು ಕೊಟ್ಟರು. ಬಾಹ್ಯಾಕಾಶ ಯಂತ್ರಗಳಿಗಾಗಿ ಬೆಳೆದ ಈ ವಿದ್ಯೆ ಇಂದು ಸಾಮಾನ್ಯ ಕೂಲರಿನೊಳಗೂ ಇದೆ.

ಕೊನೆಯ ಹಂತದಲ್ಲಿ ಫ್ಯಾನ್ ರೆಕ್ಕೆಗಳ ನಡುವೆ ಗಾಳಿಯನ್ನು ನೂಕುತ್ತದೆ. ಇಲ್ಲಿ ಒಂದು ಮಾತನ್ನು ಮರೆಯಬಾರದು: ಯಾವ ಕೂಲರೂ ಪ್ರೊಸೆಸರನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಕೂಲರ್ ಎಂಬ ಹೆಸರಿನಿಂದ ಇದು ಏರ್ ಕೂಲರಿನಂತೆ ಹೊಸದಾಗಿ ತಂಪನ್ನು ಉಂಟುಮಾಡುತ್ತದೆಂದು ಅನೇಕರು ಭಾವಿಸುತ್ತಾರೆ. ಅದು ಶಾಖವನ್ನು ಸಾಗಿಸುತ್ತದೆ, ಅಷ್ಟೇ.

ಶಾಖದ ಲೆಕ್ಕ

ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ಟಿಡಿಪಿ ಎಂಬ ಹೆಸರಿನಲ್ಲಿ ಒಂದು ವಾಟ್ ಸಂಖ್ಯೆ ಇರುತ್ತದೆ. ಹೊಸಬರು ಮೊದಲು ಎಡವುವುದು ಇಲ್ಲಿಯೇ. ಆ ಸಂಖ್ಯೆ ಪ್ರೊಸೆಸರ್ ಬಳಸುವ ಗರಿಷ್ಠ ವಿದ್ಯುತ್ತಲ್ಲ. ರೈಝೆನ್ 5 5600ರ ಟಿಡಿಪಿ 65 ವಾಟ್. ಆದರೆ ಸಾಕೆಟ್ಟಿನಿಂದ ಅದು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳಬಲ್ಲದು. ಎಎಮ್‌ಡಿಯ 105 ವಾಟ್ ಪ್ರೊಸೆಸರುಗಳು 142 ವಾಟ್‌ವರೆಗೂ, 170 ವಾಟ್ ಎನ್ನಲಾದವು 230 ವಾಟ್‌ವರೆಗೂ ಹೋಗುತ್ತವೆ. ಇಂಟೆಲ್ ಕಂಪನಿ 2021ರಲ್ಲಿ ಬಂದ ತನ್ನ 12ನೆಯ ತಲೆಮಾರಿನಿಂದ ಮೂಲ ಶಕ್ತಿ ಮತ್ತು ಗರಿಷ್ಠ ಟರ್ಬೊ ಶಕ್ತಿ ಎಂದು ಎರಡು ಸಂಖ್ಯೆಗಳನ್ನು ಕೊಡುತ್ತಿದೆ. ಇದು ಪ್ರಾಮಾಣಿಕವಾದ ಕ್ರಮ. ಕೋರ್ ಐ5-12400ಕ್ಕೆ ಅವು 65 ಮತ್ತು 117. ಕೋರ್ ಐ9-13900ಕೆಗೆ 125 ಮತ್ತು 253. ಕೂಲರನ್ನು ಎರಡನೆಯ ಸಂಖ್ಯೆಗೆ ಅನುಸಾರವಾಗಿ ಆರಿಸಬೇಕು.

ಇದಕ್ಕೆ ಕೋಣೆಯ ತಾಪಮಾನವನ್ನು ಸೇರಿಸಿದರೆ ಚಿತ್ರ ಪೂರ್ಣವಾಗುತ್ತದೆ. ಉದಾಹರಣೆಗೆ, ಪ್ರತಿ ವಾಟ್ ಶಾಖಕ್ಕೆ ಪ್ರೊಸೆಸರಿನ ತಾಪಮಾನ ಸುತ್ತಲಿನ ಗಾಳಿಗಿಂತ ಅರ್ಧ ಡಿಗ್ರಿ ಏರುವಂಥ ಒಂದು ಸಣ್ಣ ಕೂಲರನ್ನು ಊಹಿಸಿಕೊಳ್ಳಬಹುದು. 88 ವಾಟ್ ಶಾಖಕ್ಕೆ ಏರಿಕೆ 44 ಡಿಗ್ರಿ. ಮುಚ್ಚಿದ ಕ್ಯಾಬಿನೆಟ್ಟಿನೊಳಗಿನ ಗಾಳಿ ಕೋಣೆಗಿಂತ 5 ಡಿಗ್ರಿ ಹೆಚ್ಚು ಬಿಸಿ ಎಂದು ಇಟ್ಟುಕೊಂಡರೆ, 25 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 74 ಡಿಗ್ರಿಗೆ ನಿಲ್ಲುತ್ತದೆ. ಅದೇ ಯಂತ್ರವನ್ನು ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ 40 ಡಿಗ್ರಿಯ ಕೋಣೆಯಲ್ಲಿಟ್ಟರೆ 89 ಡಿಗ್ರಿ, ಅಂದರೆ ಮಿತಿಯ ಹೊಸ್ತಿಲು. ಪ್ರತಿ ವಾಟಿಗೆ 0.3 ಡಿಗ್ರಿ ಮಾತ್ರ ಏರುವಂಥ ಉತ್ತಮ ಕೂಲರ್ ಇದ್ದರೆ ಅಲ್ಲಿಯೂ 71 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಕೂಲರುಗಳ ವಿಮರ್ಶೆಗಳು ಬಹುಪಾಲು ಹವಾನಿಯಂತ್ರಿತ ಕೋಣೆಗಳಲ್ಲಿ, 20ರಿಂದ 25 ಡಿಗ್ರಿಯಲ್ಲಿ ನಡೆದ ಪರೀಕ್ಷೆಗಳನ್ನು ಆಧರಿಸಿರುತ್ತವೆ. ಬಯಲುಸೀಮೆಯ ಓದುಗರು ಅವುಗಳಲ್ಲಿ ಕಾಣುವ ಅಂಕಿಗೆ ತಮ್ಮೂರಿನ ಬೇಸಗೆಯನ್ನು ಕೂಡಿಸಿಕೊಂಡೇ ಓದಬೇಕು.

ಆದರೆ ಕೂಲರನ್ನು ಎಷ್ಟು ದೊಡ್ಡದು ಮಾಡಿದರೂ ಒಂದು ಹಂತದ ನಂತರ ಲಾಭ ತೀರ ಕಡಿಮೆ. ಸಿಲಿಕಾನ್ ತುಣುಕಿನಿಂದ ಲೋಹದ ಮುಚ್ಚಳದವರೆಗಿನ ಅಡ್ಡಿಯನ್ನು ಯಾವ ಕೂಲರೂ ಕಡಿಮೆ ಮಾಡಲಾರದು.

ವಿಧಗಳು

ಪ್ರೊಸೆಸರಿನೊಂದಿಗೆ ಬರುವ ಕೂಲರ್

ಹಲವು ಪ್ರೊಸೆಸರುಗಳ ಪೆಟ್ಟಿಗೆಯಲ್ಲಿಯೇ ಒಂದು ಕೂಲರ್ ಇರುತ್ತದೆ. ಕೋರ್ ಐ5-12400ರೊಂದಿಗೆ ಲ್ಯಾಮಿನಾರ್ ಆರ್‌ಎಮ್1, ರೈಝೆನ್ 5 5600 ಮತ್ತು 7600ರೊಂದಿಗೆ ರೇತ್ ಸ್ಟೆಲ್ತ್ ಬರುತ್ತವೆ. ಹೆಸರಿನ ಕೊನೆಯಲ್ಲಿ ಕೆ ಅಕ್ಷರವುಳ್ಳ ಇಂಟೆಲ್ ಪ್ರೊಸೆಸರುಗಳೊಂದಿಗೆ 2015ರ ನಂತರ ಸಾಮಾನ್ಯವಾಗಿ ಕೂಲರ್ ಬರುವುದಿಲ್ಲ. ರೈಝೆನ್ 5 7600ಎಕ್ಸ್, ರೈಝೆನ್ 7 7800ಎಕ್ಸ್3ಡಿ ಮುಂತಾದವುಗಳೊಂದಿಗೂ ಇಲ್ಲ. ಹೊರದೇಶದಿಂದ ಬಿಡಿಯಾಗಿ ತರಿಸಿ ಮಾರುವ, ಪೆಟ್ಟಿಗೆಯಿಲ್ಲದ ಪ್ರೊಸೆಸರುಗಳಲ್ಲಿಯೂ ಕೂಲರ್ ಇರದು. ಕೊಳ್ಳುವ ಮೊದಲು ಕೇಳಿ ತಿಳಿಯುವುದು ಒಳ್ಳೆಯದು.

ಉಚಿತವಾಗಿ ಬಂದದ್ದು ನಿಷ್ಪ್ರಯೋಜಕ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಪಾಠದ ಬರವಣಿಗೆ, ಪ್ರೋಗ್ರಾಮಿಂಗ್, ಚಲನಚಿತ್ರ ವೀಕ್ಷಣೆ, ಮಿತವಾದ ಆಟ ಇವುಗಳಿಗೆ ಈ ಕೂಲರುಗಳು ಸಾಕು. ಮೈಸೂರು, ಬೆಂಗಳೂರು, ಹಾಸನಗಳಂಥ ಊರುಗಳಲ್ಲಿ ಇವುಗಳೊಡನೆ ವರ್ಷಗಟ್ಟಲೆ ಕೆಲಸ ಮಾಡಬಹುದು. ಹಣ ಸೀಮಿತವಾಗಿರುವಾಗ ಕೂಲರಿನ ಬದಲು ಆ ಮೊತ್ತವನ್ನು ರ್‍ಯಾಮ್ ಅಥವಾ ಉತ್ತಮ ವಿದ್ಯುತ್ ಪೂರೈಕೆ ಘಟಕಕ್ಕೆ ಹಾಕುವುದು ಜಾಣತನ. ಸದ್ದು ಸಹಿಸಲಾಗದಿದ್ದರೆ ಅಥವಾ ಬೇಸಗೆಯಲ್ಲಿ ವೇಗ ಕುಗ್ಗಿದರೆ ಆಮೇಲೆ ಬದಲಾಯಿಸಿಕೊಳ್ಳಬಹುದು.

ಗೋಪುರ ಮಾದರಿ

ತಳದಿಂದ ಎದ್ದ ಹೀಟ್ ಪೈಪ್‌ಗಳ ಮೇಲೆ ರೆಕ್ಕೆಗಳನ್ನು ಗೋಪುರದಂತೆ ಜೋಡಿಸಿ, ಪಕ್ಕದಲ್ಲಿ 120 ಅಥವಾ 140 ಮಿಲಿಮೀಟರ್ ಫ್ಯಾನ್ ಕೂರಿಸಿದ ಮಾದರಿಯಿದು. ಮೊದಲ ಬಾರಿಗೆ ಜೋಡಿಸುವವರಲ್ಲಿ ಹೆಚ್ಚಿನವರಿಗೆ ಇದೇ ಸರಿಯಾದ ಆಯ್ಕೆ. ನಾಲ್ಕು ಹೀಟ್ ಪೈಪ್‌ಗಳ ಒಂಟಿ ಗೋಪುರ 120 ವಾಟಿನ ಆಸುಪಾಸಿನ ಪ್ರೊಸೆಸರುಗಳನ್ನು ನೆಮ್ಮದಿಯಾಗಿ ನಿಭಾಯಿಸುತ್ತದೆ. ಕೂಲರ್ ಮಾಸ್ಟರ್ ಕಂಪನಿಯ ಹೈಪರ್ 212 ಈ ವರ್ಗವನ್ನು ಜನಪ್ರಿಯಗೊಳಿಸಿತು. ಡೀಪ್‌ಕೂಲ್ ಎಕೆ400 ಇದೇ ಬಗೆಯದು. ಆರು ಹೀಟ್ ಪೈಪ್‌ಗಳ, ಎರಡು ಗೋಪುರಗಳ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಆಸ್ಟ್ರಿಯಾದ ನಾಕ್ಚುವಾ ಕಂಪನಿಯ ಎನ್‌ಎಚ್-ಡಿ15 ಮುಂತಾದವು ಇನ್ನೂ ಹೆಚ್ಚಿನ ಶಾಖಕ್ಕೆ ತಕ್ಕವು. ಎನ್‌ಎಚ್-ಡಿ15 ಫ್ಯಾನುಗಳೂ ಸೇರಿ ಸುಮಾರು 1.3 ಕಿಲೋಗ್ರಾಂ ತೂಗುತ್ತದೆ. ಇಂಥ ಭಾರದ ಕೂಲರ್ ಇರುವ ಯಂತ್ರವನ್ನು ಹಾಸ್ಟೆಲಿಗೆ ಬಸ್ಸಿನಲ್ಲಿ ಒಯ್ಯುವಾಗ ಕೂಲರನ್ನು ಬಿಚ್ಚಿಡಬೇಕು, ಇಲ್ಲವೇ ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ಸಾಗಿಸಬೇಕು.

ಕೆಳಮುಖ ಮಾದರಿ

ಸಣ್ಣ ಕ್ಯಾಬಿನೆಟ್ಟುಗಳಿಗೆ ಗಿಡ್ಡ ಕೂಲರುಗಳಿವೆ; ಅವುಗಳ ಫ್ಯಾನ್ ಮದರ್‌ಬೋರ್ಡಿನತ್ತ ಗಾಳಿ ಬೀಸುತ್ತದೆ. ನಾಕ್ಚುವಾ ಎನ್‌ಎಚ್-ಎಲ್9ಐ ಕೇವಲ 37 ಮಿಲಿಮೀಟರ್ ಎತ್ತರವಿದೆ. ಜಾಗದ ಕೊರತೆಯಿಲ್ಲದವರು ಇವುಗಳನ್ನು ಆರಿಸಲು ಕಾರಣವಿಲ್ಲ.

ದ್ರವ ಮಾದರಿ

ಪ್ರೊಸೆಸರಿನ ಮೇಲೆ ಕೂರುವ ಪಂಪ್, ಎರಡು ಕೊಳವೆಗಳು ಮತ್ತು ಕ್ಯಾಬಿನೆಟ್ಟಿನ ಗೋಡೆಗೆ ತಗುಲಿಸುವ ರೇಡಿಯೇಟರ್ ಇದರ ಭಾಗಗಳು. ರೇಡಿಯೇಟರಿನ ಉದ್ದ ಸಾಮಾನ್ಯವಾಗಿ 120, 240, 280 ಅಥವಾ 360 ಮಿಲಿಮೀಟರ್ ಎಂದು ನಮೂದಾಗಿರುತ್ತದೆ. 200 ವಾಟ್ ಮೀರಿದ ಶಾಖವನ್ನು ದೀರ್ಘಕಾಲ ಹೊರಹಾಕಬೇಕಾದಲ್ಲಿ ದೊಡ್ಡ ರೇಡಿಯೇಟರ್ ನಿಜಕ್ಕೂ ಉಪಯುಕ್ತ. 120 ಮಿಲಿಮೀಟರಿನದು ಮಾತ್ರ ಒಳ್ಳೆಯ ಗೋಪುರ ಕೂಲರನ್ನು ಮೀರಿಸುವುದು ಅಪರೂಪ, ಬೆಲೆಯೋ ಹೆಚ್ಚು. ಬಣ್ಣದ ದೀಪ, ಪುಟ್ಟ ಪರದೆಗಳಿಗೆ ಮನಸೋತು ಇದನ್ನು ಕೊಳ್ಳುವವರೇ ಅಧಿಕ.

ಗಾಳಿ ಕೂಲರಿನಲ್ಲಿ ಸವೆಯುವ ಭಾಗ ಫ್ಯಾನ್ ಒಂದೇ, ಅದನ್ನು ಸುಲಭವಾಗಿ ಬದಲಾಯಿಸಬಹುದು. ದ್ರವ ಮಾದರಿಯಲ್ಲಿ ಪಂಪ್ ನಿಂತರೆ ಇಡೀ ಸಾಧನವನ್ನೇ ಬದಲಿಸಬೇಕು. ಕೊಳವೆಗಳ ಮೂಲಕ ದ್ರವವೂ ವರ್ಷಗಳಲ್ಲಿ ಅತ್ಯಲ್ಪವಾಗಿ ಆವಿಯಾಗಿ ಹೋಗುತ್ತದೆ. ಒಳಗಿನ ಗಾಳಿಗುಳ್ಳೆಗಳು ಮೇಲೇರಿ ನಿಲ್ಲುವುದರಿಂದ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರುವಂತೆ ಜೋಡಿಸುವುದು ಅವಶ್ಯ.

ಹೊಂದಾಣಿಕೆ

ಕೂಲರ್ ಮದರ್‌ಬೋರ್ಡಿನ ಸಾಕೆಟ್ಟಿಗೆ ಹೊಂದಬೇಕು. ಇಂಟೆಲ್‌ನ ಎಲ್‌ಜಿಎ 1200 ಸಾಕೆಟ್ಟಿನಲ್ಲಿ ಸ್ಕ್ರೂ ರಂಧ್ರಗಳ ಅಂತರ 75 ಮಿಲಿಮೀಟರ್. ಎಲ್‌ಜಿಎ 1700ರಲ್ಲಿ 78. ಮೂರೇ ಮಿಲಿಮೀಟರ್ ಅಂತರವಾದರೂ ಹಳೆಯ ಕೂಲರನ್ನು ಹೊಸ ಬೋರ್ಡಿಗೆ ಕೂರಿಸಲು ಬೇರೆ ಪಟ್ಟಿ ಬೇಕಾಗುತ್ತದೆ. ಎಎಮ್‌ಡಿಯ ಎಎಮ್4ರ ಮೂಲ ಹಿಂಬದಿ ತಟ್ಟೆಯನ್ನೇ ಬಳಸುವ ಕೂಲರುಗಳು 2022ರಲ್ಲಿ ಬಂದ ಎಎಮ್5ಕ್ಕೂ ಹೊಂದುತ್ತವೆ. ತಮ್ಮದೇ ತಟ್ಟೆಯನ್ನು ಬೇಡುವವು ಹೊಂದುವುದಿಲ್ಲ, ಏಕೆಂದರೆ ಎಎಮ್5ರ ತಟ್ಟೆ ಸಾಕೆಟ್ಟನ್ನೇ ಹಿಡಿದಿರುವುದರಿಂದ ಅದನ್ನು ತೆಗೆಯುವಂತಿಲ್ಲ.

ಎತ್ತರದ ವಿಷಯದಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ಎಕೆ400 ಮತ್ತು ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಮಿಲಿಮೀಟರ್, ಎನ್‌ಎಚ್-ಡಿ15 165 ಮಿಲಿಮೀಟರ್ ಎತ್ತರವಿವೆ. ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ ಕೂಲರಿನ ಗರಿಷ್ಠ ಎತ್ತರವನ್ನು ನಮೂದಿಸಿರುತ್ತಾರೆ. ಅದನ್ನು ನೋಡದೆ ಕೊಂಡವರ ಕ್ಯಾಬಿನೆಟ್ಟುಗಳು ಪಕ್ಕದ ಬಾಗಿಲಿಲ್ಲದೆಯೇ ಕಾಲ ಕಳೆಯುತ್ತವೆ. ಎತ್ತರದ ಅಲಂಕಾರವುಳ್ಳ ರ್‍ಯಾಮ್ ಪಟ್ಟಿಗಳು ಫ್ಯಾನಿಗೆ ತಾಗುವುದೂ ಉಂಟು.

ಸದ್ದು

ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿ ಸಣ್ಣ ಫ್ಯಾನಿನಷ್ಟೇ ಗಾಳಿಯನ್ನು ಕೊಡುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ ಎಂಬುದು ಫ್ಯಾನುಗಳ ಸಾಮಾನ್ಯ ನಿಯಮ. ಗೋಪುರ ಕೂಲರಿಗೆ ಹಣ ಕೊಡುವುದರ ನಿಜವಾದ ಲಾಭ ಬಹಳ ಸಲ ತಾಪಮಾನದಲ್ಲಲ್ಲ, ಈ ಮೌನದಲ್ಲಿದೆ. ಒಂದೇ ಕೋಣೆಯಲ್ಲಿ ಒಬ್ಬರು ಓದುತ್ತ ಇನ್ನೊಬ್ಬರು ಮಲಗುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ನಾಲ್ಕು ಪಿನ್ನುಗಳ ಫ್ಯಾನಿನ ವೇಗವನ್ನು ಮದರ್‌ಬೋರ್ಡ್ ತಾಪಮಾನಕ್ಕೆ ತಕ್ಕಂತೆ ತಾನೇ ಹೊಂದಿಸುತ್ತದೆ. ಅದರ ತಂತಿಯನ್ನು ಸಿಪಿಯು ಫ್ಯಾನ್ ಎಂದು ಬರೆದಿರುವ ಜಾಗಕ್ಕೇ ಸಿಕ್ಕಿಸಬೇಕು.

ಖರ್ಚಿಲ್ಲದ ಇನ್ನೊಂದು ಮಾರ್ಗವೂ ಇದೆ. ರೈಝೆನ್ ಪ್ರೊಸೆಸರುಗಳ ಬಯಾಸ್‌ನಲ್ಲಿ ಎಕೋ ಮೋಡ್ ಆರಿಸಿದರೆ 105 ವಾಟಿನ ಪ್ರೊಸೆಸರ್ 65 ವಾಟ್ ವರ್ಗದ ಮಿತಿಗೆ ಇಳಿಯುತ್ತದೆ. ವೇಗದಲ್ಲಿ ಆಗುವ ಇಳಿಕೆ ವಿದ್ಯುತ್ತಿನಲ್ಲಿ ಆಗುವ ಇಳಿಕೆಗಿಂತ ಬಹಳ ಕಡಿಮೆ. ಇಂಟೆಲ್ ಬೋರ್ಡುಗಳಲ್ಲಿಯೂ ಶಕ್ತಿಯ ಮಿತಿಯನ್ನು ಹೀಗೆಯೇ ತಗ್ಗಿಸಬಹುದು.

ಅಳವಡಿಕೆ

ಕೂಲರಿನ ದೂರುಗಳಲ್ಲಿ ಅನೇಕವು ಆಯ್ಕೆಯ ದೋಷಗಳಲ್ಲ, ಕೂರಿಸುವಾಗಿನ ದೋಷಗಳು. ತಳಕ್ಕೆ ಅಂಟಿಸಿರುವ ರಕ್ಷಣಾ ಹಾಳೆಯನ್ನು ತೆಗೆಯಲು ಮರೆಯುವುದು ಇವುಗಳಲ್ಲಿ ಬಹು ಪ್ರಸಿದ್ಧ. ಪ್ರೊಸೆಸರಿನೊಂದಿಗೆ ಬರುವ ಕೂಲರುಗಳ ತಳದಲ್ಲಿ ಪೇಸ್ಟನ್ನು ಮೊದಲೇ ಹಚ್ಚಿರುತ್ತಾರೆ. ಅದನ್ನು ಬೆರಳಿನಿಂದ ಮುಟ್ಟಬಾರದು. ಪ್ರತ್ಯೇಕವಾಗಿ ಹಚ್ಚುವುದಾದರೆ ಬಟಾಣಿ ಕಾಳಿನಷ್ಟು ಸಾಕು, ಉದ್ದನೆಯ ಎಲ್‌ಜಿಎ 1700 ಪ್ರೊಸೆಸರಿಗೆ ಒಂದು ತೆಳು ಗೆರೆ. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ.

ಸ್ಕ್ರೂಗಳನ್ನು ಕಾರಿನ ಚಕ್ರದ ನಟ್ಟುಗಳಂತೆ ಎದುರುಬದುರಾಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ತಳ ಓರೆಯಾಗಿ ಕೂರುತ್ತದೆ. ಇಂಟೆಲ್ ಕೂಲರುಗಳ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಟಿಕ್ ಎಂಬ ಸದ್ದು ಬರುವವರೆಗೆ ಒತ್ತಿ, ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಹೊರಚಾಚಿವೆಯೇ ಎಂದು ನೋಡಬೇಕು. ಮೂರು ಕಾಲಿನ ಮೇಲೆ ನಿಂತ ಕೂಲರ್ ಮೇಲಿನಿಂದ ಸರಿಯಾಗಿಯೇ ಕಾಣುತ್ತದೆ. ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಇಡುವ ಮೊದಲೇ ಈ ಕೆಲಸ ಮುಗಿಸಿದರೆ ಹಿಂಬದಿಯನ್ನು ನೋಡುವುದು ಸುಲಭ. ಗೋಪುರ ಕೂಲರಿನ ಗಾಳಿ ಕ್ಯಾಬಿನೆಟ್ಟಿನ ಹಿಂಭಾಗದತ್ತ ಹೋಗುವಂತೆ ಫ್ಯಾನನ್ನು ತಿರುಗಿಸಿಡಬೇಕು.

ಎಎಮ್4 ಸಾಕೆಟ್ಟಿನಿಂದ ಕೂಲರನ್ನು ತೆಗೆಯುವಾಗ ವಿಶೇಷ ಎಚ್ಚರಿಕೆ ಅಗತ್ಯ. ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಕೂಲರಿನೊಂದಿಗೇ ಕಿತ್ತು ಬಂದು ಪಿನ್ನುಗಳು ಬಾಗುವ ಸಂಭವವಿದೆ. ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ, ಪೇಸ್ಟ್ ಮೆದುವಾದ ಮೇಲೆ ವಿದ್ಯುತ್ ಸಂಪರ್ಕ ತೆಗೆದು, ಕೂಲರನ್ನು ಅತ್ತಿತ್ತ ಮೆಲ್ಲನೆ ತಿರುಚಿ ಎತ್ತುವುದು ಕ್ರಮ.

ಪರೀಕ್ಷೆ ಮತ್ತು ನಿರ್ವಹಣೆ

ಜೋಡಣೆ ಮುಗಿದ ಮೇಲೆ ಬಯಾಸ್‌ನಲ್ಲಿ ತಾಪಮಾನವನ್ನು ನೋಡಬೇಕು. ಏನೂ ಕೆಲಸವಿಲ್ಲದಿರುವಾಗಲೇ 80 ಡಿಗ್ರಿ ಮೀರಿ ಏರುತ್ತಲೇ ಹೋದರೆ ಕೂಲರ್ ಸರಿಯಾಗಿ ಕೂತಿಲ್ಲವೆಂದೋ ಫ್ಯಾನ್ ಅಥವಾ ಪಂಪ್ ನಡೆಯುತ್ತಿಲ್ಲವೆಂದೋ ತಿಳಿಯಬಹುದು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ, ಲಿನಕ್ಸ್‌ನಲ್ಲಿ ಎಲ್‌ಎಮ್-ಸೆನ್ಸರ್ಸ್ ತಂತ್ರಾಂಶಗಳು ತಾಪಮಾನವನ್ನು ತೋರಿಸುತ್ತವೆ. ಸಿನೆಬೆಂಚ್‌ನಂಥ ಭಾರವಾದ ಪರೀಕ್ಷೆಯನ್ನು ಹತ್ತು ನಿಮಿಷ ನಡೆಸಿ, ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿಯೇ ಅಂಕಿಗಳನ್ನು ಗುರುತಿಸಿಕೊಳ್ಳುವುದು ಉತ್ತಮ. ಎಎಮ್‌ಡಿಯ 7000 ಸರಣಿಯ ಎಕ್ಸ್ ಅಕ್ಷರದ ಪ್ರೊಸೆಸರುಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿಯನ್ನು ಮುಟ್ಟುವಂತೆಯೇ ರೂಪಿತವಾಗಿವೆ. ಅಲ್ಲಿ ಆ ಅಂಕಿ ಕಂಡು ಗಾಬರಿಯಾಗಬೇಕಿಲ್ಲ.

ರೆಕ್ಕೆಗಳ ನಡುವೆ ಧೂಳು ಕಟ್ಟಿದಷ್ಟೂ ಕೂಲರಿನ ಸಾಮರ್ಥ್ಯ ಕುಂದುತ್ತದೆ. ಮಣ್ಣಿನ ರಸ್ತೆಯ ಬದಿಯ ಮನೆಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಉಳಿದೆಡೆ ವರ್ಷಕ್ಕೆರಡು ಬಾರಿ ಸ್ವಚ್ಛಗೊಳಿಸಬೇಕು. ಬ್ಲೋವರ್ ಬಳಸುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿಡುವುದು ಕ್ಷೇಮ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೂಲರನ್ನು ಬಿಚ್ಚಿ ಮತ್ತೆ ಕೂರಿಸುವಾಗಲೆಲ್ಲ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಒರೆಸಿ ಹೊಸದನ್ನು ಹಚ್ಚಬೇಕು.